ನೇರಳೆ ಡೈ ಹಾಕಿದ್ರೆ ಪಿಂಕ್, ನೀಲಿ ಬೇರೆ ಬೇರೆ ಬಂತು. ಪುಡಿ ತಗೊಳ್ವಾಗ ಸಿಂಗಲ್ ಯಾವುದು ಮಿಕ್ಸ್ ಯಾವುದು ಹೇಗೆ ಗೊತ್ತಾಗ್ತದೆ?

ಉಡುಪಿಯಲ್ಲಿ ನೇರಳೆ ರಿಯಾಕ್ಟಿವ್ ಪುಡಿ (ಹತ್ತಿ ನೂಲಿನ ಜೊತೆ ರಾಸಾಯನಿಕವಾಗಿ ಸೇರಿಕೊಳ್ಳುವ ಡೈ) ತಗೊಂಡು ಕಾಟನ್ ದುಪ್ಪಟ್ಟಾಕ್ಕೆ ಟೈ ಆಂಡ್ ಡೈ ಮಾಡಿದ್ರಿ, ಗಂಟು ಬಿಚ್ಚಿ ನೋಡಿದ್ರೆ ನೇರಳೆ ಜೊತೆ ಒಂದು ಕಡೆ ಪಿಂಕ್ ಗೆರೆ ಇನ್ನೊಂದು ಕಡೆ ನೀಲಿ, ಅಂಗಡಿಯವ್ರು ಕಲಬೆರಕೆ ಕೊಟ್ರಾ ಅಂತ ಕೇಳಿದ್ದೀರಿ. ನಾನು ಮಂಗಳೂರಲ್ಲಿ ನೂಲಿಗೂ ಬಟ್ಟೆಗೂ ಬಣ್ಣ ಹಾಕುವ ಕೆಲಸ ಮಾಡುದು, ನನಗೆ ಗೊತ್ತಿದ್ದಷ್ಟು ಹೇಳ್ತೇನೆ.

ಮೊದಲು ಒಂದು ವಿಷಯ, ಅದು ಕಲಬೆರಕೆ ಅಲ್ಲ. ನೀವು ತಂದದ್ದು ಮಿಕ್ಸ್ ಬಣ್ಣ. ಎರಡು ಅಥವಾ ಮೂರು ಡೈ ಪುಡಿ ಒಟ್ಟು ಸೇರಿಸಿ ಅದಕ್ಕೊಂದು ಚಂದದ ಹೆಸರು ಇಟ್ಟು ಮಾರ್ತಾರೆ, ಅದ್ರಲ್ಲಿ ಮೋಸ ಎಂತದೂ ಇಲ್ಲ, ಮಿಕ್ಸ್ ಅಂತ ಡಬ್ಬಿ ಮೇಲೆ ಬರೆಯುದಿಲ್ಲ ಅಷ್ಟೇ. ಅದು ಬರೀಬೇಕಿತ್ತು ಅಂತ ನಾನು ಯಾವಾಗ್ಲೂ ಹೇಳ್ತೇನೆ, ಯಾಕಂದ್ರೆ ಟೈ ಆಂಡ್ ಡೈ ಮಾಡುವವ್ರಿಗೆ, ಬ್ರಷ್‌ನಲ್ಲಿ ಬಟ್ಟೆ ಮೇಲೆ ಬಣ್ಣ ಎಳೆಯುವವ್ರಿಗೆ ಇದೇ ದೊಡ್ಡ ವಿಷಯ. ಒಂದೊಂದು ಡೈ ಹತ್ತಿಯನ್ನು ಹಿಡಿಯುವ ಸ್ಪೀಡ್ ಬೇರೆ, ಬಟ್ಟೆಯ ಎಳೆಯಲ್ಲಿ ನೀರಿನ ಜೊತೆ ಓಡುವ ದೂರವೂ ಬೇರೆ. ಕೆಂಪು ಎಮ್‌5ಬಿ ಅಂತ ಕೋಡ್ ಇರುವ ಡೈ ಬಟ್ಟೆಗೆ ಬಿದ್ದ ಕೂಡಲೇ ಹಿಡ್ಕೊಳ್ತದೆ, ಟರ್ಕಾಯ್ಸ್ ಅಂದ್ರೆ ಹಸಿರು ಮಿಶ್ರಿತ ನೀಲಿ ಡೈ ನಿಧಾನ, ಅದಕ್ಕೆ ಬಿಸಿಯೂ ಬೇಕು ಟೈಮೂ ಬೇಕು. ಹಾಗಾಗಿ ಗಂಟಿನ ಒಳಗೆ ನೀರು ಇಳೀತಾ ಹೋದ ಹಾಗೆ ಎರಡೂ ಬೇರೆ ಬೇರೆ ಜಾಗದಲ್ಲಿ ನಿಂತು ಬಿಡ್ತದೆ, ನಿಮ್ಮ ದುಪ್ಪಟ್ಟಾದಲ್ಲಿ ಆದದ್ದು ಇದೇ.

ಈಗ ತಗೊಳ್ವಾಗ ನೋಡುದು ಹೇಗೆ. ಹೆಸರು ನಂಬ್ಬೇಡಿ ಮಾರಾಯ್ರೆ, ಅದನ್ನು ಡಬ್ಬಿ ತುಂಬಿಸುವವ್ರು ಅವ್ರವ್ರ ಇಷ್ಟಕ್ಕೆ ಇಡ್ತಾರೆ, ಒಬ್ರ ವೈಲೆಟ್ ಇನ್ನೊಬ್ರಿಗೆ ಪರ್ಪಲ್. ಕೋಡ್ ಕೇಳಿ. ನಮ್ಮಲ್ಲಿ ಸಿಗುವ ಕೋಲ್ಡ್ ಬ್ರ್ಯಾಂಡ್, ಅಂದ್ರೆ ನೀರು ಕಾಯಿಸದೆ ಹಾಕುವ ರಿಯಾಕ್ಟಿವ್‌ಗೆ ಎಮ್ ಅಂತ ಒಂದು ಅಕ್ಷರ ಇರ್ತದೆ, ಐಸಿಐ ಕಂಪೆನಿ 1956ರಲ್ಲಿ ಪ್ರೋಸಿಯಾನ್ ಅಂತ ಮಾರ್ಕೆಟಿಗೆ ತಂದ ಜಾತಿಯೇ ಇದು. ಅದ್ರಲ್ಲಿ ಸಿಂಗಲ್ ಡೈ ಅಂತ ಧೈರ್ಯವಾಗಿ ತಗೊಳ್ಬಹುದಾದದ್ದು ಕೆಲವೇ: ಹಳದಿ ಎಮ್‌8ಜಿ, ಆರೆಂಜ್ ಎಮ್‌2ಆರ್, ಕೆಂಪು ಎಮ್‌5ಬಿ, ಮಜೆಂಟಾ ಎಮ್‌8ಬಿ, ನೀಲಿ ಎಮ್‌ಆರ್, ಟರ್ಕಾಯ್ಸ್ ಎಮ್‌ಜಿ. ಕೊನೆಯ ಅಕ್ಷರ ಜಿ ಆದ್ರೆ ಹಳದಿ ಅಥವಾ ಹಸಿರಿನ ಕಡೆ ವಾಲ್ತದೆ, ಆರ್ ಆದ್ರೆ ಕೆಂಪಿನ ಕಡೆ, ಬಿ ಆದ್ರೆ ನೀಲಿ ಕಡೆ, ನಂಬರ್ ದೊಡ್ಡದಾದಷ್ಟು ವಾಲಿದ್ದು ಜಾಸ್ತಿ. 5ಬಿಗಿಂತ 8ಬಿ ಹೆಚ್ಚು ನೀಲಿ ಕಡೆ ಹೋದ ಕಾರಣಕ್ಕೇ ಅದು ಮಜೆಂಟಾ.

ಇದಕ್ಕಿಂತ ಗಟ್ಟಿ ಗುರುತು ಕಲರ್ ಇಂಡೆಕ್ಸ್ ಹೆಸರು, ಅಂದ್ರೆ ಡೈಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇರುವ ಹೆಸರು. ಎಮ್‌5ಬಿ ಅಂದ್ರೆ ರಿಯಾಕ್ಟಿವ್ ರೆಡ್ 2, ಎಮ್‌8ಬಿ ರಿಯಾಕ್ಟಿವ್ ರೆಡ್ 11, ಆರೆಂಜ್ ಎಮ್‌2ಆರ್ ರಿಯಾಕ್ಟಿವ್ ಆರೆಂಜ್ 4, ನೀಲಿ ಎಮ್‌ಆರ್ ರಿಯಾಕ್ಟಿವ್ ಬ್ಲೂ 4, ಹಳದಿ ಎಮ್‌8ಜಿ ರಿಯಾಕ್ಟಿವ್ ಯೆಲ್ಲೋ 86, ಟರ್ಕಾಯ್ಸ್ ಎಮ್‌ಜಿ ರಿಯಾಕ್ಟಿವ್ ಬ್ಲೂ 140. ಯಾರ ಹತ್ರ ತಗೊಂಡ್ರೂ ಈ ನಂಬರ್ ಒಂದೇ ಆದ್ರೆ ಒಳಗಿನ ಡೈ ಒಂದೇ. ಒಂದು ಡಬ್ಬಿಗೆ ಒಂದೇ ನಂಬರ್ ಹೇಳ್ಲಿಕ್ಕೆ ಆದ್ರೆ ಸಿಂಗಲ್, ಎರಡು ಮೂರು ಹೇಳಿದ್ರೆ ಅಥವಾ ಹೇಳ್ಲಿಕ್ಕೇ ಆಗದಿದ್ರೆ ಮಿಕ್ಸ್ ಅಂತಲೇ ತಿಳ್ಕೊಳ್ಳಿ. ಚಿಲ್ಲರೆ ಅಂಗಡಿಯವ್ರಿಗೆ ಗೊತ್ತಿಲ್ಲದೆ ಇರ್ಬಹುದು, ಅದು ಅವ್ರ ತಪ್ಪಲ್ಲ, ದೊಡ್ಡ ಡಬ್ಬಿಯ ಲೇಬಲ್ ತೋರಿಸಿ ಅಂತ ಕೇಳಿ, ಹೆಚ್ಚಿನವ್ರು ತೋರಿಸ್ತಾರೆ.

ಬಣ್ಣ ನೋಡಿಯೇ ಅಂದಾಜು ಮಾಡುದೂ ಉಂಟು. ಹಸಿರು, ಬ್ರೌನ್, ಆಲಿವ್, ಮೆರೂನ್, ಗ್ರೇ ಎಲ್ಲ ಕೋಲ್ಡ್ ಬ್ರ್ಯಾಂಡಲ್ಲಿ ಹೆಚ್ಚಾಗಿ ಮಿಕ್ಸೇ, ನೇರಳೆಯೂ ಹೆಚ್ಚಿನದ್ದು ಹಾಗೆಯೇ. ಖಾಕಿ ತಗೊಳ್ಳಿ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ 19ನೇ ಶತಮಾನದಲ್ಲಿ ಹೆಸರು ಮಾಡಿದ ಬಣ್ಣ ಅದು, ಇವತ್ತು ರಿಯಾಕ್ಟಿವ್‌ನಲ್ಲಿ ಖಾಕಿ ತರಿಸ್ಬೇಕಾದ್ರೆ ಹಳದಿ ಕೆಂಪು ನೀಲಿ ಮೂರೂ ಸೇರ್ಬೇಕು. ಕಪ್ಪು ಸ್ವಲ್ಪ ಬೇರೆ ಕಥೆ. ಎಮ್ ಜಾತಿಯಲ್ಲಿ ಸಿಗುವ ಕಪ್ಪೆಲ್ಲ ಮಿಕ್ಸ್, ಆದ್ರೆ ವಿನೈಲ್ ಸಲ್ಫೋನ್ ಅಂತ ರಿಯಾಕ್ಟಿವ್‌ನ ಇನ್ನೊಂದು ಜಾತಿಯಲ್ಲಿ ರಿಯಾಕ್ಟಿವ್ ಬ್ಲ್ಯಾಕ್ 5 ಅಂತ ಸಿಂಗಲ್ ಡೈಯೇ ಉಂಟು, ಅದನ್ನು ಕಮ್ಮಿ ಹಾಕಿದ್ರೆ ನೇವಿ ಬ್ಲೂ ಹಾಗೆ ಕಾಣ್ತದೆ, ಅದಕ್ಕೇ ಗಾಢ ಕಪ್ಪು ಬೇಕು ಅಂತ ಅದಕ್ಕೂ ಆರೆಂಜೋ ಎಂತದೋ ಸೇರಿಸಿ ಮಾರುದುಂಟು.

ಇಷ್ಟಾದ್ರೂ ಡೌಟ್ ಉಂಟಾ, ಹಾಗಾದ್ರೆ ಟಿಶ್ಯೂ ಟೆಸ್ಟ್ ಮಾಡಿ, ನನಗೆ ಇದ್ರ ಮೇಲೆ ತುಂಬ ನಂಬಿಕೆ. ಸ್ಟೀಲ್ ತಟ್ಟೆಯಲ್ಲಿ ಬಿಳಿ ಟಿಶ್ಯೂ ಹಾಸಿ ನೀರು ಚಿಮುಕಿಸಿ ಪೂರ್ತಿ ಒದ್ದೆ ಮಾಡಿ, ಆದ್ರೆ ನೀರು ನಿಲ್ಲಬಾರದು. ಒಣ ಟೂತ್‌ಪಿಕ್‌ನ ತುದಿಯಲ್ಲಿ ಸಿಕ್ಕುವಷ್ಟೇ ಪುಡಿ ತೆಗೆದು ಒಂದು ಅಡಿ ಮೇಲಿಂದ ಬೆರಳಲ್ಲಿ ತಟ್ಟಿ ಉದುರಿಸಿ, ಕಾಳುಗಳು ದೂರ ದೂರ ಬೀಳ್ಬೇಕು. ಬಾಯಲ್ಲಿ ಊದುದು ಬೇಡವೇ ಬೇಡ, ಮಾಸ್ಕ್ ಹಾಕಿ, ಫ್ಯಾನ್ ಆಫ್ ಮಾಡಿ, ರಿಯಾಕ್ಟಿವ್ ಪುಡಿ ಉಸಿರಲ್ಲಿ ಹೋದ್ರೆ ಕೆಲವ್ರಿಗೆ ಅಲರ್ಜಿ, ಆಸ್ತಮಾ ಶುರುವಾಗ್ತದೆ. ಅರ್ಧ ನಿಮಿಷ ಬಿಟ್ಟು ನೋಡಿ. ಬಿದ್ದ ಒಂದೊಂದು ಕಾಳೂ ಕರಗಿ ಚುಕ್ಕಿ ಆಗಿ ಹರಡಿರ್ತದೆ. ಎಮ್‌8ಬಿ ಆದ್ರೆ ಸಣ್ಣದು ದೊಡ್ಡದು ಎಲ್ಲ ಚುಕ್ಕಿಯೂ ಒಂದೇ ಮಜೆಂಟಾ, ಗಾಢ ತಿಳಿ ವ್ಯತ್ಯಾಸ ಮಾತ್ರ. ನಿಮ್ಮ ನೇರಳೆಯನ್ನು ಉದುರಿಸಿದ್ರೆ ನೇರಳೆ ಚುಕ್ಕಿ ಹುಡುಕಿದ್ರೂ ಸಿಗ್ಲಿಕ್ಕಿಲ್ಲ, ಇಲ್ಲೊಂದು ಮಜೆಂಟಾ ಅಲ್ಲೊಂದು ನೀಲಿ, ಎರಡೂ ಮುಟ್ಟುವ ಜಾಗದಲ್ಲಿ ಮಾತ್ರ ನೇರಳೆ. ಬ್ರೌನ್ ಹಾಕಿ ನೋಡಿದ್ರೆ ಇನ್ನೂ ಚಂದ, ಹಳದಿ ಆರೆಂಜ್ ಕೆಂಪು ನೀಲಿ ಒಟ್ಟಿಗೆ ರಂಗೋಲಿ ಹಾಗೆ ಬಿಡಿಸಿಕೊಳ್ತದೆ.

ಪುಡಿಯಲ್ಲಿ ಬಿಳಿ ಕಾಳು ಕಂಡ್ರೆ ಹೆದರ್ಬೇಡಿ, ಡೈಯ ಸ್ಟ್ರೆಂತ್ ಎಲ್ಲ ಬ್ಯಾಚಲ್ಲೂ ಒಂದೇ ಬರ್ಲಿ ಅಂತ ಕಂಪೆನಿಯವ್ರೇ ಉಪ್ಪಿನ ಜಾತಿಯದ್ದು ಸೇರಿಸಿರ್ತಾರೆ, ಅದಕ್ಕೆ ಬಣ್ಣ ಇಲ್ಲ.

ಒಂದು ತೊಂದ್ರೆ ಎಂತ ಅಂದ್ರೆ ನಮ್ಮ ಊರಿನ ಮಳೆಗಾಲ. ಜೂನ್‌ನಿಂದ ಗಾಳಿಯಲ್ಲೇ ನೀರು, ಪುಡಿ ಮುದ್ದೆ ಕಟ್ಟಿದ್ರೆ ಕಾಳು ಬಿಡಿಬಿಡಿಯಾಗಿ ಬೀಳುದಿಲ್ಲ, ಆಗ ಈ ಟೆಸ್ಟ್ ಸರಿ ಬರುದಿಲ್ಲ. ಡೈಗಳನ್ನು ನೀರಲ್ಲೇ ಬೆರೆಸಿ ಮತ್ತೆ ಒಣಗಿಸಿದ ಪುಡಿಯಾದ್ರೂ ಹಾಗೆಯೇ, ಒಂದೊಂದು ಕಾಳಲ್ಲೂ ಎರಡೂ ಬಣ್ಣ ಇರ್ತದೆ. ಅದಕ್ಕೆ ಫಿಲ್ಟರ್ ಪೇಪರಿನ ಪಟ್ಟಿ ತಗೊಳ್ಳಿ. ಪುಡಿ ನೀರಲ್ಲಿ ಕರಗಿಸಿ ಪಟ್ಟಿಯ ಕೆಳಗಿಂದ ಎರಡು ಸೆಂಟಿಮೀಟರ್ ಮೇಲೆ ಒಂದು ಚುಕ್ಕಿ ಇಟ್ಟು ಒಣಗಿಸಿ, ಲೋಟದಲ್ಲಿ ಒಂದು ಚಿಟಿಕೆ ಉಪ್ಪು ಹಾಕಿದ ನೀರಲ್ಲಿ ಪಟ್ಟಿಯ ತುದಿ ಮಾತ್ರ ಮುಳುಗುವ ಹಾಗೆ ನೇತಾಡಿಸಿ, ಚುಕ್ಕಿಗೆ ನೀರು ತಾಗಬಾರದು. ನೀರು ಏರ್ತಾ ಹೋದ ಹಾಗೆ ಮಿಕ್ಸ್ ಆದ್ರೆ ಬೇರೆ ಬೇರೆ ಬಣ್ಣದ ಪಟ್ಟೆ ಬೇರೆ ಬೇರೆ ಎತ್ತರದಲ್ಲಿ ನಿಲ್ತದೆ. ಒಂದೇ ಪಟ್ಟೆ ಬಂದ್ರೆ ನೂರಕ್ಕೆ ನೂರು ಸಿಂಗಲ್ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಎರಡು ಡೈ ಒಟ್ಟೊಟ್ಟಿಗೆ ಏರುದೂ ಉಂಟು. ಎರಡು ಬಣ್ಣ ಬಿಟ್ಟು ನಿಂತ್ರೆ ಮಾತ್ರ ಮಿಕ್ಸ್ ಅಂತ ಗ್ಯಾರಂಟಿ.

ನನ್ನ ಅಭಿಪ್ರಾಯ ಕೇಳಿದ್ರೆ ಹತ್ತಿಪ್ಪತ್ತು ಬಣ್ಣದ ಸಣ್ಣ ಡಬ್ಬಿ ಸೇರಿಸುವ ಬದ್ಲು ಸಿಂಗಲ್ ಡೈ ನಾಲ್ಕೈದು ತಗೊಂಡು ಬೇಕಾದದ್ದನ್ನು ನೀವೇ ಮಿಕ್ಸ್ ಮಾಡಿ. ಕಿನ್ನಿಗೋಳಿ ತಾಳಿಪಾಡಿ ಕಡೆ ನೇಯುವ ಉಡುಪಿ ಸೀರೆ ನೋಡಿದ್ದೀರಲ್ಲ, 2016ರಲ್ಲಿ ಜಿಐ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದ್ದು, ಅಂಥ ಸೀರೆಯಲ್ಲಿ ಅಂಚಿನ ಬಣ್ಣ ಒಮ್ಮೆ ಮೆಚ್ಚಿಕೊಂಡವ್ರು ವರ್ಷ ಬಿಟ್ಟು ಬಂದು ಅದೇ ಬೇಕು ಅಂತ ಕೇಳಿದ್ರೆ ಮಿಕ್ಸ್ ಡಬ್ಬಿ ಕೈ ಕೊಡ್ತದೆ, ಹೆಸರು ಅದೇ ಇದ್ರೂ ಒಳಗಿನ ಲೆಕ್ಕ ಬದಲಾಗಿರ್ಬಹುದು. ನಿಮ್ಮದೇ ಲೆಕ್ಕ ಪುಸ್ತಕದಲ್ಲಿ ಬರೆದಿಟ್ರೆ ಆ ತಲೆಬಿಸಿ ಇಲ್ಲ. ಒಂದು ಗ್ರಾಮ್ ಪುಡಿಗೆ ನೂರು ಎಮ್‌ಎಲ್ ನೀರು ಲೆಕ್ಕದಲ್ಲಿ ಒಂದೊಂದು ಡೈ ಬೇರೆ ಬೇರೆ ಕರಗಿಸಿ, ಸಿರಿಂಜಲ್ಲಿ ಅಳೆದು ಬೆರೆಸಿ, ಅದೇ ಬಟ್ಟೆಯ ತುಂಡಲ್ಲಿ ಹಾಕಿ ನೋಡಿ. ನೇರಳೆಗೆ ಎಮ್‌8ಬಿ ಒಂದು ಪಾಲು ನೀಲಿ ಎಮ್‌ಆರ್ ಎರಡು ಪಾಲಿಂದ ಶುರು ಮಾಡಿ, ಟರ್ಕಾಯ್ಸ್ ಹಾಕ್ಬೇಡಿ. ನೀವೇ ಬೆರೆಸಿದ್ರೂ ಗಂಟಿನಲ್ಲಿ ಸ್ವಲ್ಪ ಒಡೀತದೆ, ಆದ್ರೆ ಯಾವುದು ಯಾವುದರಿಂದ ಬಂತು ಅಂತ ಗೊತ್ತಿರ್ತದೆ, ಹೆಚ್ಚು ಕಮ್ಮಿ ಮಾಡ್ಲಿಕ್ಕೆ ಆಗ್ತದೆ.

ಬೆರೆಸುವಾಗ ಜಾತಿ ಮಾತ್ರ ನೋಡ್ಕೊಳ್ಳಿ, ಎಮ್ ಜೊತೆ ಎಚ್ (ಬಿಸಿ ನೀರಲ್ಲಿ ಹಾಕುವ ರಿಯಾಕ್ಟಿವ್ ಜಾತಿ) ಸೇರಿಸ್ಬೇಡಿ. ಎಮ್ ನಮ್ಮ ಊರಿನ ಸೆಕೆಗೇ ಸೋಡಾ ಆಶ್ (ಡೈಯನ್ನು ಬಟ್ಟೆಗೆ ಹಿಡಿಸುವ ಸೋಡಾ ಪುಡಿ) ಇದ್ರೆ ಹಿಡೀತದೆ, ಎಚ್‌ಗೆ 80 ಡಿಗ್ರಿ ಹತ್ರ ಬೇಕು, ಒಟ್ಟಿಗೆ ಹಾಕಿದ್ರೆ ಒಂದು ಹಿಡಿದು ಇನ್ನೊಂದು ತೊಳೆದು ಹೋಗ್ತದೆ. ನ್ಯಾಫ್ತಾಲ್ ಅಂತ ಬೇರೆಯೇ ತರದ ಡೈ ಉಂಟು, ಅದಕ್ಕೆ ನಾನು ಹೇಳಿದ್ದು ಯಾವುದೂ ಅನ್ವಯ ಆಗುದಿಲ್ಲ, ಅದ್ರ ಬಣ್ಣ ಬಟ್ಟೆ ಮೇಲೆಯೇ ಹುಟ್ಟುದು.

ಈಗ ಮನೆಯಲ್ಲಿ ಉಳಿದ ನೇರಳೆ ಪುಡಿ ಬಿಸಾಡ್ಬೇಡಿ. ಗಂಟು ಕಟ್ಟದೆ ಇಡೀ ಬಟ್ಟೆ ಬಕೆಟಲ್ಲಿ ಮುಳುಗಿಸಿ ಉಪ್ಪು ಹಾಕಿ ಚೆನ್ನಾಗಿ ತಿರುಗಿಸ್ತಾ ಇದ್ದು ಆಮೇಲೆ ಸೋಡಾ ಆಶ್ ಹಾಕಿದ್ರೆ ಅದೇ ಪುಡಿಯಲ್ಲಿ ಸಮನಾದ ನೇರಳೆ ಬರ್ತದೆ. ಡಬ್ಬಿಯ ಮುಚ್ಚಳ ಗಟ್ಟಿ ಹಾಕಿ ಗಾಳಿ ಹೋಗದ ಹಾಗೆ ಇಡಿ, ಪಸೆ ತಾಗಿದ್ರೆ ಎಮ್ ಜಾತಿಯ ಡೈಗೆ ಶಕ್ತಿ ಹೋಗ್ತದೆ, ಈ ಮಳೆಗಾಲ ಬರುವ ಮೊದಲೇ ಖಾಲಿ ಮಾಡಿದ್ರೆ ಒಳ್ಳೆದು.