ಚಿಕ್ಕ ಕೋಣೆಗೆ ಕೆಇಎಫ್ ಕಂಪನಿಯ ಎಲ್‌ಎಸ್50 ಸ್ಪೀಕರ್ ಜೋಡಿ ಸಾಕಾ? ಸಬ್‌ವೂಫರ್ ಬೇಕೇ ಬೇಕಾ?

ಹತ್ತು-ಹನ್ನೆರಡು ಅಡಿ ಕೋಣೆಯಲ್ಲಿ ಹಾಡು ಕೇಳಲು ಧಾರಾಳವಾಗಿ ಸಾಕು. ಸಿನಿಮಾ ನೋಡುವುದೇ ಜಾಸ್ತಿ ಅಂದರೆ ಸಬ್‌ವೂಫರ್ (ತೀರಾ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ಬೇಕು.

ನಮ್ಮ ಮನೆಯಲ್ಲಿರುವುದೂ ಇದೇ ಜೋಡಿ. ಇದರಲ್ಲಿ ಮೇಲಿನ ಸ್ವರ ಹೊರಡಿಸುವ ಟ್ವೀಟರ್, ತಗ್ಗಿನ ಸ್ವರ ಹೊರಡಿಸುವ ವೂಫರ್‌ನ ನಟ್ಟನಡುವೆ ಕೂತಿದೆ. ಹಾಗಾಗಿ ಎಲ್ಲ ಸ್ವರಗಳೂ ಒಂದೇ ಜಾಗದಿಂದ ಹೊರಡುತ್ತವೆ. ಒಳ್ಳೆಯ ಕಛೇರಿ ರೆಕಾರ್ಡಿಂಗ್ ಹಾಕಿ ನೋಡಿ. ಹಾಡುವವರು ಎರಡು ಸ್ಪೀಕರ್‌ಗಳ ಮಧ್ಯೆ ಕೂತಿರುತ್ತಾರೆ, ಪಿಟೀಲು ಒಂದು ಪಕ್ಕಕ್ಕೆ, ತಂಬೂರಿ ಹಿಂದೆ. ಮೃದಂಗದ ಬಲಗಡೆ ಬೆರಳು ಬಿದ್ದದ್ದು ಒಂದೊಂದೂ ಕೇಳುತ್ತದೆ. ಎಷ್ಟು ಕೇಳಿದರೂ ನನಗೆ ಈ ಖುಷಿ ಹಳೆಯದಾಗಿಲ್ಲ! ಎಡಗಡೆಯ ಗುಂಕಿ ಮಾತ್ರ ಸ್ವಲ್ಪ ತೆಳು. ಕಂಪನಿ ಕೊಟ್ಟಿರುವ ಲೆಕ್ಕದ ಪ್ರಕಾರ 79 ಹರ್ಟ್ಸ್‌ಗಿಂತ ತಗ್ಗಿನ ಸ್ವರಗಳ ದನಿ ಇಳಿಯುತ್ತಾ ಹೋಗುತ್ತದೆ. ವೂಫರ್‌ನದು ಬರೀ 130 ಮಿ.ಮೀ. ಕೋನ್ ಅಲ್ವಾ, ಅದರಿಂದ ಇನ್ನೂ ಹೆಚ್ಚು ಬಯಸುವುದು ನ್ಯಾಯವಲ್ಲ.

ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್‌ನಲ್ಲಿ ಜಿಪುಣತನ ಬೇಡ. ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಎಷ್ಟು ದನಿ ಬರುತ್ತದೆ ಎನ್ನುವ ಅಳತೆ) 85 ಡೆಸಿಬೆಲ್, ಅಂದರೆ ಕಡಿಮೆಯೇ. ವಿದ್ಯುತ್ತಿಗೆ ತಡೆ 8 ಓಮ್ ಅಂತ ಬರೆದಿದ್ದರೂ ಕೆಲವು ಸ್ವರಗಳಲ್ಲಿ 3.2ಕ್ಕೆ ಇಳಿಯುತ್ತದೆ, ಆಗ ಆಂಪ್ ಹೆಚ್ಚು ಕರೆಂಟ್ ಕೊಡಬೇಕಾಗುತ್ತದೆ. ಗಟ್ಟಿ 50 ವ್ಯಾಟ್ ಆಂಪ್ ಇದ್ದರೆ ಚಿಂತೆಯಿಲ್ಲ.

ಪೋರ್ಟ್ (ಗಾಳಿ ಹೋಗಿಬರುವ ತೂತು) ಸ್ಪೀಕರ್‌ನ ಹಿಂದೆ ಇದೆ. ಗೋಡೆಗೆ ಆನಿಸಿಟ್ಟರೆ ಬೇಸ್, ಅಂದರೆ ತಗ್ಗಿನ ಸ್ವರ, ಗುಂಯ್‌ಗುಡುತ್ತದೆ. ಒಂದೂವರೆ ಅಡಿ ಮುಂದಿಡಿ. ಜಾಗವೇ ಇಲ್ಲದಿದ್ದರೆ ಜೊತೆಗೆ ಬರುವ ಸ್ಪಂಜಿನ ಬಿರಡೆಯನ್ನು ಪೋರ್ಟ್‌ಗೆ ತುರುಕಿ. ನೆಲ ಟೈಲ್ಸ್, ಗೋಡೆ ಬೋಳು ಆಗಿದ್ದರೆ ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ. ಮುಂದೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಪರದೆ ಹಾಕಿ.

ಇದು ಬಂದದ್ದು 2012ರಲ್ಲಿ. 2020ರಲ್ಲಿ ಇದರ ಜಾಗಕ್ಕೆ ಎಲ್‌ಎಸ್50 ಮೆಟಾ ಬಂತು. ಹಳೆಯದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಜೋಡಿಯ ಎರಡು ಸ್ಪೀಕರ್‌ಗಳನ್ನೂ ಬೇರೆ ಬೇರೆಯಾಗಿ ನುಡಿಸಿ, ಕೇಳಿಯೇ ದುಡ್ಡು ಕೊಡಿ.