ಪೆನ್ನು ಬೇಡ ಮೇಷ್ಟ್ರೇ, ಮರ ಇರಲಿ

ಓದುಗರ ಪ್ರಶ್ನೆಗಳಿಗೆ ಮೈಸೂರು–ಮಂಡ್ಯ ಭಾಗದ ಶಾಲೆಗಳಲ್ಲಿ ಕೆಲಸ ಮಾಡುವ ಮಕ್ಕಳ ಆಪ್ತಸಮಾಲೋಚಕಿಯ ಉತ್ತರ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮೇಷ್ಟ್ರು. ಜೂನ್‌ನಲ್ಲಿ ಶಾಲೆಯ ಗೋಡೆ ಮೇಲೆ ‘ಒಳ್ಳೆಯತನದ ಮರ’ ಬರೆಸಿದೆವು. ಯಾರಾದರೂ ಇನ್ನೊಬ್ಬರಿಗೆ ಸಹಾಯ ಮಾಡಿದರೆ ಅವರ ಹೆಸರನ್ನು ಹಸಿರು ಕಾಗದದ ಎಲೆಯಲ್ಲಿ ಬರೆದು ಅಂಟಿಸುವುದು, ತಿಂಗಳ ಕೊನೆಗೆ ಹೆಚ್ಚು ಎಲೆ ಇದ್ದವರಿಗೆ ಒಂದು ಪೆನ್ನು. ಮೊದಲ ಎರಡು ವಾರ ಶಾಲೆಯೇ ಬದಲಾಯಿತು ಅನ್ನಿಸಿತು. ಆಮೇಲೆ ಬೇಕಂತಲೇ ಪಕ್ಕದವನ ಪೆನ್ಸಿಲ್ ಬೀಳಿಸಿ, ತಾವೇ ಎತ್ತಿಕೊಟ್ಟು, ‘ಸಾರ್, ನನ್ನೆಲೆ ಹಾಕಿ’ ಅಂತ ಓಡಿಬರತೊಡಗಿದರು. ಪೆನ್ನು ನಿಲ್ಲಿಸಿದ ಮೇಲೆ ಮರದ ಹತ್ತಿರ ಯಾರೂ ಸುಳಿಯುತ್ತಿಲ್ಲ. ಎಲ್ಲಿ ತಪ್ಪಿದೆವು?

ಉತ್ತರ: ಮರ ಬರೆಸಿದ್ದು ತಪ್ಪಲ್ಲ ಮೇಷ್ಟ್ರೇ, ಪೆನ್ನು ಇಟ್ಟಿದ್ದು ತಪ್ಪಾಯಿತು. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಇಬ್ಬರು ಮನೋವಿಜ್ಞಾನಿಗಳು 20 ತಿಂಗಳ ಕೂಸುಗಳ ಮೇಲೆ ನಡೆಸಿದ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. ದೊಡ್ಡವರ ಕೈಯಿಂದ ಜಾರಿ ಬಿದ್ದ ವಸ್ತುವನ್ನು ಅಷ್ಟು ಚಿಕ್ಕ ಮಕ್ಕಳು ಯಾರೂ ಹೇಳದೆಯೇ ಎತ್ತಿಕೊಡುತ್ತಿದ್ದವು. ಒಂದು ಗುಂಪಿಗೆ ಎತ್ತಿಕೊಟ್ಟಾಗಲೆಲ್ಲ ಆಟದ ಸಾಮಾನು ಬಹುಮಾನವಾಗಿ ಸಿಗುತ್ತಿತ್ತು. ಬಹುಮಾನ ನಿಂತ ಮೇಲೆ ಆ ಗುಂಪು ಎತ್ತಿಕೊಡುವುದು ಕಮ್ಮಿಯಾಯಿತು. ಮೊದಲಿಂದಲೂ ಏನೂ ಸಿಗದಿದ್ದ ಮಕ್ಕಳು ಮಾತ್ರ ಮೊದಲಿನ ಹಾಗೇ ಎತ್ತಿಕೊಡುತ್ತಿದ್ದವು. ನಿಮ್ಮ ಶಾಲೆಯಲ್ಲಿ ಆಗಿರುವುದೂ ಇದೇ. ನಿಮ್ಮ ಮಕ್ಕಳಲ್ಲಿ ಒಳ್ಳೆಯತನ ಬತ್ತಿಲ್ಲ, ಅದಕ್ಕೊಂದು ಬೆಲೆ ಕಟ್ಟಿದೆವು ಅಷ್ಟೆ.

ನಮ್ಮ ಕಡೆ ಮುಯ್ಯಾಳು ಅಂತ ಇತ್ತಲ್ಲ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಚಂದದ ಪದ್ಧತಿ, ಆದರೆ ಅದು ಇಬ್ಬರ ನಡುವೆಯೇ ಹೋಗಿ ಬರುತ್ತದೆ. ಶಾಲೆಗೆ ಬೇಕಿರುವುದು ಆಲೆಮನೆಯ ಲೆಕ್ಕ. ದಾರಿಯಲ್ಲಿ ಹೋಗುವವನು ಬಂದು ಒಂದು ಚೊಂಬು ಕಬ್ಬಿನ ಹಾಲು ಕುಡಿದು, ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡು ಹೋಗುತ್ತಾನೆ. ಅವನು ಯಾವೂರು, ಯಾರ ಮಗ ಅಂತ ಯಾರೂ ಕೇಳುವುದಿಲ್ಲ. ಹೀಗೆ ಪಡೆದವನು ಕೊಟ್ಟವನಿಗೇ ತಿರುಗಿಸದೆ ಬೇರೊಬ್ಬನಿಗೆ ಕೊಡುತ್ತಾನೆಯೇ? ಜೇಮ್ಸ್ ಫೌಲರ್ ಮತ್ತು ನಿಕೋಲಸ್ ಕ್ರಿಸ್ಟಾಕಿಸ್ ಎಂಬ ಸಂಶೋಧಕರು 2010ರಲ್ಲಿ ಇದನ್ನೇ ನೋಡಿದರು. ಅವರು ಲೆಕ್ಕ ಹಾಕಿದ್ದು ಅಪರಿಚಿತರು ಹಣ ಹಂಚುವ ಒಂದು ಆಟವನ್ನು. ಪ್ರತಿ ಸುತ್ತಿಗೂ ಗುಂಪು ಬದಲು, ಒಮ್ಮೆ ಜೊತೆಯಾದವರು ಮತ್ತೆ ಸಿಗುವುದಿಲ್ಲ, ಹಾಗಾಗಿ ಮುಯ್ಯಿ ತೀರಿಸಲು ದಾರಿಯೇ ಇಲ್ಲ. ಆದರೂ ಒಬ್ಬನ ಧಾರಾಳತನ ಕೈಯಿಂದ ಕೈಗೆ ದಾಟಿ ಮೂರನೆಯವನ ತನಕ ಹೋಯಿತು. ಜಿಪುಣತನವೂ ಹಾಗೇ ಹರಡಿತು, ಅದನ್ನೂ ಹೇಳಲೇಬೇಕು.

ಇನ್ನೊಂದು ಅಧ್ಯಯನ ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು. ಅಮೆರಿಕದ ನ್ಯೂಜೆರ್ಸಿ ರಾಜ್ಯದ 56 ಶಾಲೆಗಳಲ್ಲಿ ಎಲಿಜಬೆತ್ ಲೆವಿ ಪಾಲಕ್ ಮತ್ತು ಜೊತೆಗಾರರು ನಡೆಸಿದ್ದು, 2016ರಲ್ಲಿ ಪ್ರಕಟವಾಯಿತು. ‘ನಿನ್ನ ಶಾಲೆಯಲ್ಲಿ ನೀನು ಯಾರ ಜೊತೆ ಹೊತ್ತು ಕಳೆಯುತ್ತೀಯ?’ ಅಂತ ಎಲ್ಲ ಮಕ್ಕಳನ್ನೂ ಕೇಳಿದರು. ಆಮೇಲೆ ಅರ್ಧದಷ್ಟು ಶಾಲೆಗಳಲ್ಲಿ ಒಂದೊಂದು ಚಿಕ್ಕ ತಂಡ ಆರಿಸಿ, ಜಗಳ–ಕೀಟಲೆ ಕಮ್ಮಿ ಮಾಡುವುದು ಹೇಗೆ ಅಂತ ಆ ಮಕ್ಕಳೇ ಯೋಚಿಸಿ ಮಾಡಲು ಬಿಟ್ಟರು. ಉಳಿದ ಶಾಲೆಗಳಿಗೆ ಹೋಲಿಸಿದರೆ ಒಂದು ವರ್ಷದಲ್ಲಿ ಆ ಶಾಲೆಗಳಲ್ಲಿ ಮಕ್ಕಳ ಜಗಳದ ದೂರುಗಳು ಶೇ 30ರಷ್ಟು ಇಳಿದವು. ಆ ಪ್ರಶ್ನೆಯ ಉತ್ತರದಲ್ಲಿ ಹೆಚ್ಚು ಸಲ ಹೆಸರು ಬಂದ ಮಕ್ಕಳು ತಂಡದಲ್ಲಿ ಜಾಸ್ತಿ ಇದ್ದಷ್ಟೂ ಪರಿಣಾಮವೂ ಜಾಸ್ತಿ.

ಹಾಗೆ ಹೆಚ್ಚು ಹೆಸರು ಬರುವ ಮಗು ನಿಮ್ಮ ತರಗತಿಯ ಮಾನಿಟರ್ ಆಗಿರಬೇಕಿಲ್ಲ. ಪಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ನಾನು ನಾಲ್ಕು ದಿನ ಇದ್ದೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕೊಡುವ ಹೊತ್ತು. ಒಂದನೇ ತರಗತಿಯ ಹುಡುಗಿಯ ಲೋಟ ಜಾರಿ ಹಾಲೆಲ್ಲ ಜಗಲಿಯ ಪಾಲಾಯಿತು. ಅವಳು ಅಳಲೂ ಇಲ್ಲ, ಒದ್ದೆ ಲಂಗ ಹಿಡಿದುಕೊಂಡು ಸುಮ್ಮನೆ ನಿಂತಳು. ಏಳನೇ ತರಗತಿಯ ಕಬಡ್ಡಿ ಹುಡುಗನೊಬ್ಬ, ಮೇಷ್ಟ್ರುಗಳ ಬಾಯಲ್ಲಿ ‘ತರಲೆ’ ಅಂತಲೇ ಹೆಸರಾದವನು, ತನ್ನ ಲೋಟದಿಂದ ಅರ್ಧ ಅವಳದಕ್ಕೆ ಬಗ್ಗಿಸಿ, ‘ಕುಡಿ ಕುಡಿ, ಆರೋಯ್ತದೆ’ ಅಂದು ಹೊರಟುಹೋದ. ಅವನ ಹಿಂದೆ ನಿಂತಿದ್ದ ಇಬ್ಬರು ನೋಡಿದರು. ಮೂರನೇ ದಿನ ಇನ್ನೊಂದು ಮಗುವಿನ ಹಾಲು ಚೆಲ್ಲಿತು. ಕಬಡ್ಡಿ ಹುಡುಗ ಅಲ್ಲಿರಲಿಲ್ಲ. ಅವತ್ತು ಹಿಂದೆ ನಿಂತು ನೋಡಿದ್ದವರಲ್ಲಿ ಒಬ್ಬ ಮುಂದೆ ಬಂದು ತನ್ನ ಹಾಲು ಬಗ್ಗಿಸಿದ. ಮಾತೂ ಅದೇ, ‘ಕುಡಿ ಕುಡಿ, ಆರೋಯ್ತದೆ’.

ಅದಕ್ಕೇ ಹೇಳುತ್ತೇನೆ, ನಿಮ್ಮ ಮಕ್ಕಳಿಗೂ ಒಂದೊಂದು ಚೀಟಿ ಕೊಡಿ. ‘ಒಳ್ಳೆಯವರು ಯಾರು’ ಅಂತ ಬರೆಸಬೇಡಿ. ‘ಬಿಡುವಿನಲ್ಲಿ ಯಾರ ಜೊತೆ ಇರ್ತೀಯ’ ಅಂತ ಬರೆಸಿ. ಚೀಟಿ ನಿಮ್ಮಲ್ಲೇ ಇರಲಿ, ಯಾರ ಹೆಸರು ಎಷ್ಟು ಬಂತು ಅನ್ನುವುದು ಆಚೆ ಹೋಗಬಾರದು, ಒಂದೂ ಹೆಸರು ಬರದ ಮಗು ಇದ್ದೇ ಇರುತ್ತದೆ. ಹೆಚ್ಚು ಬಂದ ಎಂಟು ಹತ್ತು ಮಕ್ಕಳನ್ನು, ಹುಡುಗ ಹುಡುಗಿಯರು ಸಮವಾಗಿ, ಎಲ್ಲ ಬೀದಿ ಎಲ್ಲ ಕೇರಿಯವರೂ ಇರುವಂತೆ ಕೂರಿಸಿಕೊಂಡು, ‘ನಮ್ಮ ಶಾಲೆಯಲ್ಲಿ ಚಿಕ್ಕವರಿಗೆ ಎಲ್ಲೆಲ್ಲಿ ಕಷ್ಟ ಆಗುತ್ತೆ?’ ಅಂತಷ್ಟೇ ಕೇಳಿ. ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿ, ಶೌಚಾಲಯದ ಹಿಂದೆ, ಬಸ್ಸು: ನೀವು ನಿಲ್ಲದ ಜಾಗಗಳೇ ಅವರ ಬಾಯಲ್ಲಿ ಬರುತ್ತವೆ. ಏನು ಮಾಡಬೇಕು ಅನ್ನುವುದನ್ನು ಅವರಿಗೇ ಬಿಡಿ.

ಮರವನ್ನು ಅಳಿಸಬೇಡಿ. ಇನ್ನು ಮೇಲೆ ಎಲೆ ಬರೆಯುವುದು ಸಹಾಯ ಪಡೆದವರು. ‘ನಲ್ಲಿ ಹತ್ರ ನನಗೆ ಮೊದಲು ಬಿಟ್ಟರು’ ಅಂತ ಒಂದು ಸಾಲು ಸಾಕು, ಮಾಡಿದವರ ಹೆಸರು ಬೇಡ. ನಡೆದದ್ದು ಎಲ್ಲರ ಕಣ್ಣಿಗೆ ಬೀಳಬೇಕು, ಎಣಿಸುವುದಕ್ಕೆ ಏನೂ ಇರಬಾರದು.

ಇದೆಲ್ಲ ಹೊರಗಿನಿಂದ ತಂದದ್ದು ಅನ್ನಿಸಿದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಆಡುತ್ತ ಕಲಿಯುವ ನಿಮ್ಮ ನಲಿಕಲಿ ಕೊಠಡಿಯನ್ನೇ ನೋಡಿ. ಆ ಪದ್ಧತಿ 1995ರಲ್ಲಿ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲೇ ಶುರುವಾಯಿತು. ಅಲ್ಲಿ ಗೆಳೆಯರ ನೆರವಿನಿಂದ ಕಲಿಯುವ ಗುಂಪುಗಳೇ ಇವೆಯಲ್ಲ. ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಕಾರ್ಡ್ ಓದಿಸುತ್ತದೆ, ಯಾರೂ ಅದನ್ನು ಉಪಕಾರ ಅಂತ ಅಂದುಕೊಳ್ಳುವುದಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದೇ ಮಕ್ಕಳನ್ನು ಸಾಲಾಗಿ ಕೂರಿಸಿ ‘ಪಕ್ಕದವರಿಗೆ ತೋರಿಸಬೇಡ’ ಅನ್ನುತ್ತೇವೆ. ನನಗೆ ಪ್ರತಿ ಸಲವೂ ಬೇಜಾರಾಗುವ ಸಂಗತಿ ಇದು.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಏಳನೇ ತರಗತಿಯ ಮಗ ಕೇಳಿದವರಿಗೆಲ್ಲ ನೋಟ್ಸ್, ಜಾಮಿಟ್ರಿ ಬಾಕ್ಸ್ ಕೊಟ್ಟು ಬರಿಗೈಲಿ ಬರುತ್ತಾನೆ. ಒಳ್ಳೆಯತನ ಅಂತ ಬಿಡಬೇಕೋ, ಬೈಯಬೇಕೋ?

ಉತ್ತರ: ಬೈಯಬೇಡಿ ಅಮ್ಮಾ. ಕೊಟ್ಟು ಬಂದಾಗ ಅವನ ಮುಖ ಹೇಗಿರುತ್ತದೆ ನೋಡಿ. ಖುಷಿಯಿಂದ ಹೇಳಿಕೊಂಡರೆ, ‘ನಾಳೆ ವಾಪಸ್ ಕೊಡು ಅಂತ ಹೇಳಿ ಕೊಡು’ ಅನ್ನುವುದನ್ನು ಕಲಿಸಿದರೆ ಸಾಕು. ವಿಷಯ ಮುಚ್ಚಿಟ್ಟರೆ, ಸ್ಕೂಲಿಗೆ ಹೊರಡುವಾಗ ಹೊಟ್ಟೆನೋವು ಅಂದರೆ, ಅವನು ಕೊಡುತ್ತಿಲ್ಲ, ಕಿತ್ತುಕೊಳ್ಳುತ್ತಿದ್ದಾರೆ. ಆಗ ತಡಮಾಡದೆ ತರಗತಿ ಟೀಚರ್ ಜೊತೆ ಮಾತಾಡಿ. ರಾತ್ರಿ ಊಟಕ್ಕೆ ಕೂತಾಗ ‘ಇವತ್ತು ನಿಂಗೆ ಯಾರು ಏನು ಕೊಟ್ರು?’ ಅಂತಲೂ ಕೇಳುತ್ತಿರಿ. ನಾಲ್ಕು ದಿನ ಉತ್ತರವೇ ಬರದಿದ್ದರೆ ಅದೂ ಟೀಚರ್‌ಗೆ ಗೊತ್ತಾಗಬೇಕಾದ ವಿಷಯ.

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಒಂಬತ್ತನೇ ಕ್ಲಾಸ್. ಈ ವರ್ಷ ಕಲಬುರಗಿ ಕಡೆಯಿಂದ ಒಬ್ಬಳು ಹೊಸದಾಗಿ ಸೇರಿದ್ದಾಳೆ. ಅವಳು ‘ಹೌದ್ರಿ’, ‘ಬರಂಗಿಲ್ಲ’ ಅಂದಾಗೆಲ್ಲ ನಮ್ಮ ಗುಂಪಿನವರು ಅವಳ ಹಾಗೇ ಮಾತಾಡಿ ನಗುತ್ತಾರೆ. ಅವಳು ಒಬ್ಬಳೇ ಊಟ ಮಾಡುತ್ತಾಳೆ. ನನಗೆ ಹೋಗಿ ಕೂರಬೇಕು ಅನ್ನಿಸುತ್ತೆ, ಆದರೆ ನನ್ನ ಫ್ರೆಂಡ್ಸ್ ನನ್ನನ್ನೇ ಬಿಟ್ಟುಬಿಟ್ಟರೆ?

ಉತ್ತರ: ಪುಟ್ಟಿ, ನಿನ್ನ ಭಯ ಸಣ್ಣದಲ್ಲ. ನಿನ್ನ ವಯಸ್ಸಿನಲ್ಲಿ ಗುಂಪಿನಿಂದ ಹೊರಗೆ ಬೀಳುವುದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ, ಆ ಹುಡುಗಿ ಈಗ ಅನುಭವಿಸುತ್ತಿರುವುದೂ ಅದನ್ನೇ.

ಒಬ್ಬಳೇ ಹೋಗಬೇಡ. ನಿನ್ನ ಗುಂಪಿನಲ್ಲಿ ನಗುವಾಗ ಅರೆಮನಸ್ಸಿನಿಂದ ನಗುವವಳು ಒಬ್ಬಳಾದರೂ ಇರುತ್ತಾಳೆ, ನಿನಗೆ ಅವಳು ಯಾರು ಅಂತ ಗೊತ್ತಿರುತ್ತದೆ. ಬಸ್ ಸ್ಟಾಂಡಿಗೆ ನಡೆಯುವಾಗಲೋ ಏನೋ ಅವಳ ಹತ್ತಿರ ಮೊದಲು ಮಾತಾಡು. ಇಬ್ಬರು ಸೇರಿ ಹೋದರೆ ‘ನೀನು ನಮ್ಮನ್ನು ಬಿಟ್ಟೆ’ ಅನ್ನುವ ಮಾತು ಬರುವುದು ಕಷ್ಟ.

ನಗುವವರ ಎದುರು ಭಾಷಣ ಮಾಡಬೇಕಿಲ್ಲ. ಕೆನಡಾದಲ್ಲಿ ಸಂಶೋಧಕರು ಆಟದ ಮೈದಾನದಲ್ಲಿ ಮಕ್ಕಳನ್ನು ವಿಡಿಯೊ ಮಾಡಿ ನೋಡಿದ್ದರು, 2001ರಲ್ಲಿ ಅದರ ವರದಿ ಬಂತು. ಜೊತೆಯ ಮಗುವೊಂದು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇ 57ರಷ್ಟು, ಕೀಟಲೆ ಹತ್ತು ಸೆಕೆಂಡಿನೊಳಗೆ ನಿಂತುಹೋಗಿತ್ತು. ‘ಸಾಕು ಬಿಡ್ರೇ, ಮ್ಯಾಥ್ಸ್ ಹೋಂವರ್ಕ್ ಆಯ್ತಾ?’ ಅಂತ ಮಾತು ತಿರುಗಿಸಿದರೂ ಅದು ಮಧ್ಯೆ ಬಂದಂತೆಯೇ. ಒಮ್ಮೊಮ್ಮೆ ನಿಲ್ಲುವುದಿಲ್ಲ, ಆಗ ತಪ್ಪು ನಿನ್ನದಲ್ಲ. ದಿನಾ ನಡೆದು, ಅವಳು ಸ್ಕೂಲಿಗೆ ಬರುವುದನ್ನೇ ಬಿಡುವ ಹಾಗೆ ಕಂಡರೆ ನೀನು ನಂಬುವ ಟೀಚರ್ ಒಬ್ಬರಿಗೆ ಹೇಳು. ಮಕ್ಕಳ ಸಹಾಯವಾಣಿ 1098 ಇದೆ, ನೀನೇ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಶುರು ಮಾಡುವುದಕ್ಕೆ ಊಟದ ಬೆಲ್‌ವರೆಗೆ ಕಾಯಬೇಕಾಗಿಯೂ ಇಲ್ಲ. ಅವಳೂ ನೀನೂ ಒಂದೇ ಬಸ್ಸಿಗೆ ಬರುವವರಾದರೆ, ನಿನಗೆ ಸೀಟು ಸಿಕ್ಕಿದ ದಿನ ‘ಬ್ಯಾಗ್ ಕೊಡು’ ಅಂತ ಅವಳದನ್ನೂ ಇಸ್ಕೊಂಡು ತೊಡೆ ಮೇಲೆ ಇಟ್ಟುಕೋ, ದಿನಾ ಎಲ್ಲರಿಗೂ ಮಾಡುವ ಹಾಗೆ. ಆಮೇಲೆ ಅವಳ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಂಡರೆ ಸ್ವಲ್ಪ ಕೇಳಿ ತಿನ್ನು. ಹೊಸ ಊರಿನಲ್ಲಿ ದಿನವೂ ಅಳುಕುತ್ತ ಕೂರುವವಳಿಗೆ ‘ನಿಂದು ಕೊಡು’ ಅಂತ ಯಾರಾದರೂ ಕೈ ಚಾಚಿದರೆ ಎಷ್ಟು ಹಿತ ಅನ್ನುವುದು ಊರು ಬಿಟ್ಟು ಊರಿಗೆ ಬಂದು ಓದಿದ ನನಗೆ ಗೊತ್ತು. ಏನಾಯಿತು ಅಂತ ಇನ್ನೊಂದು ಪತ್ರ ಬರೆ.