ಹಳೆ ಪೋರ್ಷೆ 911: ಪೆಡಲ್ ಬದಲಿಸಿದ ಮೇಲೆ ಪೂರ್ತಿ ಥ್ರಾಟಲ್ ಸಿಗುತ್ತಿಲ್ಲ

ಪ್ಲಾಸ್ಟಿಕ್ ಆಕ್ಸಿಲರೇಟರ್ ಪೆಡಲ್ ತೆಗೆದು ಅಲ್ಯೂಮಿನಿಯಂದು ಹಾಕಿದ ಮೇಲೆ, ಪೂರ್ತಿ ಒತ್ತಿದರೂ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಪೂರ್ತಿ ತೆರೆಯದಿರುವುದು ಶುರುವಾಗಿದೆ ಅಂದರೆ, ತೊಂದರೆ ಬಹುಶಃ ಪೆಡಲ್ ಕೆಳಗಿನ ಸ್ಟಾಪ್ ಬೋಲ್ಟ್‌ನದು, ಅಂದರೆ ಪೆಡಲ್ ಇನ್ನೂ ಕೆಳಗೆ ಹೋಗದಂತೆ ತಡೆಯುವ ಬೋಲ್ಟ್‌ನದು. ಅದರ ಎತ್ತರ ಹಳೆಯದಕ್ಕೆ ಹೊಂದಿಸಿದ್ದು, ಅಲ್ವಾ?

ಎಂಜಿನ್ ಆಫ್ ಮಾಡಿ, ಮ್ಯಾಟ್ ತೆಗೆಯಿರಿ. ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ. ನೀವು ಕಾರಿನ ಹಿಂದೆ ಎಂಜಿನ್ ಹತ್ತಿರ ಹೋಗಿ ಥ್ರಾಟಲ್ ತೆರೆಯುವ ಲಿವರನ್ನು ಕೈಯಿಂದ ದೂಡಿ ನೋಡಿ. ಇನ್ನೂ ಮುಂದೆ ಹೋದರೆ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಲಿವರ್ ಪೂರ್ತಿ ತೆರೆಯುವ ಹೊತ್ತಿಗೇ ಪೆಡಲ್ ಬೋಲ್ಟಿಗೆ ತಾಗಬೇಕು. ಜಾಸ್ತಿ ಇಳಿಸಿದರೆ ಕಾಲಿನ ಭಾರವೆಲ್ಲ ಪೆಡಲ್‌ಗೆ ಜೋಡಿಸಿದ, ಥ್ರಾಟಲ್ ಎಳೆಯುವ ರಾಡ್ ಮೇಲೆ ಬೀಳುತ್ತದೆ.

ಆಗಲೂ ಸರಿಹೋಗದಿದ್ದರೆ ರಾಡಿನ ಗುಂಡು ತುದಿ ಪೆಡಲ್ ಹಿಂದಿನ ಸಾಕೆಟ್‌ನಲ್ಲಿ ಟಕ್ ಅಂತ ಕೂತಿದೆಯಾ ನೋಡಿ. ಸಡಿಲವಿದ್ದರೆ ಸುಮ್ನೆ ಬೋಲ್ಟ್ ತಿರುಗಿಸಿ ಉಪಯೋಗವಿಲ್ಲ.

ಕಾಲು ತೆಗೆದ ಕೂಡಲೇ ಪೆಡಲ್ ತಾನಾಗಿ ಮೇಲೆ ಬರದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.